ಗೆರ್ಟ್ರೂಡ್ ಮೇಡಂ ಕುರ್ಚಿಯಲ್ಲಿ ಕುಳಿತ ಮಾವನಿಗೆ

ವಾಸು ಮಾವನಿಗೆ,

ಮೊದಲು "ಪೂಜ್ಯ" ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಆದರೆ ಹೊಡೆದದ್ದು ನಿಮಗೂ ಕಾಣಲಿ ಎಂದು ಇದರಲ್ಲೇ ಮುಂದುವರಿಸುತ್ತಿದ್ದೇನೆ.

ಎದುರು ಬಂದು ಹೇಳಬಾರದಿತ್ತೇ ಎಂದು ಕೇಳುತ್ತೀರಿ. ನಿಮ್ಮೆದುರು ತುಳುವಿನಲ್ಲಿ ಬಾಯಿ ತೆರೆದರೆ ನನ್ನ ನಾಲಿಗೆಗೆ ತನ್ನಷ್ಟಕ್ಕೆ ಮರ್ಯಾದೆ ಬಂದುಬಿಡುತ್ತದೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ನೀವು, ನಿಮ್ಮದೇ ಬೋಟು ನಡೆಸುವ ತಾಂಡೇಲನಿಗೆ ನನ್ನನ್ನು ಮದುವೆ ಮಾಡಿಕೊಟ್ಟವರು ನೀವು, ಊರಿನ ನ್ಯಾಯ ತೀರ್ಮಾನಿಸುವ ಗುರಿಕಾರರೂ ನೀವೇ. ಇಷ್ಟನ್ನೆಲ್ಲ ಎದುರಿಗೆ ಕೂರಿಸಿಕೊಂಡು ಸತ್ಯ ಹೇಳಲು ನನ್ನಿಂದಾಗದು. ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಆ ಹೆದರಿಕೆ ಇಲ್ಲ.

ಎಂಟನೆಯ ವಯಸ್ಸಿನಲ್ಲಿ ನಾನು ಭಜನಾ ಮಂದಿರದ ದೀಪದ ಗಾಜು ಒಡೆದು ಬೆಕ್ಕಿನ ಮೇಲೆ ಹೇಳಿದ್ದೆ. ನೀವು ನನ್ನ ಕೈ ಹಿಡಿದು ಎಲ್ಲರ ನಡುವೆ ನಿಲ್ಲಿಸಿದಿರಿ. "ತಪ್ಪನ್ನು ನಾಲ್ಕು ಜನರ ಎದುರು ಒಪ್ಪಿಕೊಂಡ್ರೆ ಅರ್ಧ ಆಗ್ತದೆ ಮಗಾ" ಎಂದಿರಿ. ನಾನು ಅಳುತ್ತಾ ಒಪ್ಪಿಕೊಂಡೆ. ಅಂದಿನಿಂದ ನೀವು ನನಗೆ ದೇವರ ಪಕ್ಕದ ಮನುಷ್ಯ. ಇಪ್ಪತ್ತೇಳು ವರ್ಷ ಹಾಗೆಯೇ ಇದ್ದಿರಿ. ಈಗ ನೆನೆದರೆ ನನ್ನ ಮೇಲೆಯೇ ನಗು ಬರುತ್ತದೆ.

ಸೆಪ್ಟೆಂಬರಿನಲ್ಲಿ ಹೊಳೆ ಕಡಲು ಸೇರುವ ಅಳಿವೆಬಾಗಿಲಲ್ಲಿ ಬೋಟು ಮಗುಚಿ, ನನ್ನ ಗಂಡನ ಜೊತೆಗಿದ್ದ ಕಮಲೇಶ್ ಹೋದ. ಮೂರನೆಯ ದಿನ ಹೆಣವಾಗಿ ಸಿಕ್ಕಿದ. ಆಮೇಲೆ ಇವರು ಮಾತು ಬಿಟ್ಟದ್ದು ನಿಮಗೆ ಗೊತ್ತುಂಟು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆಯ ಮುಂದೆ ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು. ನಲ್ಲಿ ಜೋರಾಗಿ ಬಿಟ್ಟರೆ ಬೆಚ್ಚಿ ಬೀಳುತ್ತಿದ್ದರು. ನೀವು ಬಂದು ಬಾಗಿಲಲ್ಲೇ ನಿಂತು, "ಗಂಡಸಿಗೆ ಇದೆಲ್ಲ ಎಂತ? ಎದ್ದು ದಕ್ಕೆಗೆ, ಬೋಟಿನ ಕೆಲಸಕ್ಕೆ ಹೋದ್ರೆ ಸರಿ ಆಗ್ತದೆ" ಎಂದಿರಿ. ಐದು ತಿಂಗಳಲ್ಲಿ ನಿಮ್ಮಿಂದ ಬಂದ ಔಷಧ ಅಷ್ಟೇ.

ಆಮೇಲೆ ನಾನು ಇವರನ್ನು ನಂತೂರಿಗೆ ಕರೆದುಕೊಂಡು ಹೋದೆ. ಟೈಲ್ಸ್ ಅಂಗಡಿಯ ಮೇಲಿನ ಮಹಡಿ, ಮನಸ್ಸಿನ ನೋವಿಗೆ ಆಪ್ತಸಲಹೆ ಕೊಡುವ ಗೆರ್ಟ್ರೂಡ್ ಮೇಡಂ. ಪ್ರತಿ ಬುಧವಾರ ನಾಲ್ಕು ಗಂಟೆಗೆ ನಾವಿಬ್ಬರೂ ಅಲ್ಲಿ ಕೂರುತ್ತಿದ್ದೆವು. ಮೊದಲ ಎರಡು ವಾರ ಇವರು ಕಿಟಕಿಯಿಂದ ಲಾರಿಗಳನ್ನೇ ನೋಡಿದರು. ಮೇಡಂ ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ, ಸುಮ್ಮನೆ ಕಾದರು. ಮೂರನೆಯ ಬುಧವಾರ ಇವರು, "ಅವತ್ತು ಮಧ್ಯಾಹ್ನ..." ಎಂದು ಶುರುಮಾಡಿ ನಿಲ್ಲಿಸಿದರು. ಎರಡು ಶಬ್ದ. ಮನೆಗೆ ಬಂದು ಬಚ್ಚಲಲ್ಲಿ ನಿಂತು ಸಂತೋಷಕ್ಕೆ ಅತ್ತೆ.

ಅದೇ ವಾರ ನಮ್ಮ ಸ್ಕೂಟರ್ ಅಲ್ಲಿ ನಿಂತದ್ದನ್ನು ಅತ್ತೆ ಬಸ್ಸಿನಿಂದ ನೋಡಿ ಮನೆಗೆ ಬಂದು ನಿಮಗೆ ಹೇಳಿದರು. ನೀವು ಫೋನ್ ಮಾಡಿ, "ಅಲ್ಲಿ ಅವನು ಎಂತ ಹೇಳ್ತಾನೆ?" ಎಂದು ಮೂರು ಸಲ ಕೇಳಿದಿರಿ. ಹೇಗಿದ್ದಾನೆ ಎಂದು ಒಮ್ಮೆಯೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಕೇಳುತ್ತಿದ್ದೀರಿ ಎಂದು ಆಗ ನನಗೆ ಹೊಳೆಯಲಿಲ್ಲ.

ನಾಲ್ಕನೆಯ ಬುಧವಾರ ಓಮ್ನಿಯಲ್ಲಿ ಎಂಟು ಜನ ಬಂದಿಳಿದಿರಿ. ಬೋರ್ಡಿನಲ್ಲಿ "ವ್ಯಕ್ತಿ, ದಂಪತಿ, ಕುಟುಂಬ" ಎಂದಿತ್ತಲ್ಲ, ಕುಟುಂಬ ಎಂದ ಮೇಲೆ ಗುರಿಕಾರರಿಲ್ಲದೆ ಪಂಚಾತಿಕೆ ನಡೆಯುವುದು ಹೇಗೆ? ಅತ್ತೆಯ ಕೈಯಲ್ಲಿ ಚಹಾದ ಫ್ಲಾಸ್ಕ್, ಭಜನಾ ಮಂಡಳಿಯವರ ಕೈಯಲ್ಲಿ ವೀಳ್ಯದೆಲೆ, ಬಾಳೆಹಣ್ಣು. ಮೂರೇ ಕುರ್ಚಿ ಇದ್ದ ಕೋಣೆ. ನೀವು ನೋಡಿ ನೋಡಿ ಕೈ ಇದ್ದ ಕುರ್ಚಿಯನ್ನೇ ಆರಿಸಿದಿರಿ. ಅದು ಮೇಡಂ ಅವರದು. ಅವರು ಗೋಡೆಗೆ ಒರಗಿ ನಿಂತರು. "ಬಾಯಮ್ಮ, ನಿಮಗೆ ಮಕ್ಕಳೆಷ್ಟು?" ಎಂದು ನೀವು ವಿಚಾರಣೆ ಶುರುಮಾಡಿದಿರಿ. ಅವರು, "ಇಲ್ಲಿ ತೀರ್ಪು ಕೊಡುವ ಕೆಲಸ ಇಲ್ಲ. ದಯವಿಟ್ಟು ಎಲ್ಲರೂ ಹೊರಗೆ ಕೂತ್ಕೊಳ್ಳಿ" ಎಂದರು. ಓದಿದವರು ಹೇಳಿದ್ದನ್ನು ನೀವು ಯಾವಾಗ ಕೇಳಿದ್ದೀರಿ?

ಎದ್ದು ನಿಂತಿರಿ. ಇವರನ್ನೂ ಎಬ್ಬಿಸಿದಿರಿ. ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದಿರಿ, "ಆದದ್ದು ಆಯ್ತು ಯೋಗೀಶಾ. ನಿನ್ನಿಂದ ಒಂದು ತಪ್ಪಾಯ್ತು. ನಾನು ಕ್ಷಮಿಸಿದ್ದೇನೆ. ಇನ್ನು ಈ ಮಾತು ಇಲ್ಲಿಗೆ ಮುಗೀತು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಡಳಿಯವರು, "ದೊಡ್ಡ ಮನಸ್ಸು" ಎಂದರು. ನಾನೂ, ದಡ್ಡಿ, ನಿಮ್ಮ ಕಾಲು ಮುಟ್ಟಿದೆ. ಇವರು ಮಾತ್ರ ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದರು. ನಂತೂರಿನ ಆ ಲಾರಿಗಳ ನಡುವೆ ರಸ್ತೆ ದಾಟಿದ ರೀತಿ ನೋಡಿ ನಾನು ಹಿಂದೆಯೇ ಓಡಿದೆ. ಎರಡು ತಿಂಗಳು ಮತ್ತೆ ಒಂದು ಶಬ್ದ ಇಲ್ಲ.

ಹೋದ ಬುಧವಾರ ತಾವಾಗಿಯೇ ಸ್ಕೂಟರಿನ ಕೀ ತೆಗೆದುಕೊಂಡರು. ಮೇಡಂ ಎದುರು, ನನ್ನ ಎದುರು, ಒಂದೂವರೆ ಗಂಟೆ ಮಾತಾಡಿದರು. ಆ ಮಧ್ಯಾಹ್ನ ಆಕಾಶ ಕಪ್ಪಾದದ್ದು, "ತಿರುಗಿಸು ಮಾರಾಯ, ಹೋಗುವ" ಎಂದು ಕಮಲೇಶ್ ಹೇಳಿದ್ದು, ಇವರು ಚುಕ್ಕಾಣಿ ತಿರುಗಿಸಿದ್ದು. ಅಷ್ಟರಲ್ಲಿ ನಿಮ್ಮ ಫೋನ್ ಬಂದದ್ದು. "ಖಾಲಿ ಬೋಟು ತರುವುದಾದ್ರೆ ಬರ್ಲೇಬೇಡ. ನನಗೆ ಕಡಲು ಕಲಿಸ್ಬೇಡ."

ಇವರು ಮತ್ತೆ ಕಡಲಿನತ್ತ ತಿರುಗಿಸಿದರು. ಸಂಜೆ ವಾಪಸು ಬರುವಾಗ ಅಳಿವೆಬಾಗಿಲು ಬಾಯಿ ತೆರೆದುಕೊಂಡಿತ್ತು.

ಆ ಮಾತನ್ನು ಕೇಳಿದವರು ಇಬ್ಬರೇ. ಒಬ್ಬ ಸತ್ತ, ಇನ್ನೊಬ್ಬ ಮಾತು ಬಿಟ್ಟ. ಫೋನೂ ನೀರು ಪಾಲಾಯಿತು. ನಿಮಗೆ ಎಲ್ಲವೂ ಅನುಕೂಲವಾಗಿಯೇ ಆಯಿತು. ಮಂದಿರದ ಸಭೆಯಲ್ಲಿ, "ತಾಂಡೇಲನ ಲೆಕ್ಕ ತಪ್ಪಿತು" ಎಂದಿರಿ. ಊರು ನಂಬಿತು. ಕಮಲೇಶನ ಅಮ್ಮ ಇವತ್ತಿಗೂ ಇವರು ಎದುರು ಬಂದರೆ ಮುಖ ತಿರುಗಿಸುತ್ತಾರೆ. ಕಡೆಗೆ ನೀವು ಮಾಡಿದ ತಪ್ಪಿಗೆ ಇವರನ್ನು ಎಂಟು ಜನರ ಎದುರು ಕ್ಷಮಿಸಿದಿರಿ. ಸುಳ್ಳು ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ ಮಾವ. ಮೀನು ಮಾರುವಲ್ಲಿ ದಿನಾ ಕಾಣುತ್ತೇನೆ. ಆದರೆ ನಿನ್ನೆಯ ಮೀನನ್ನು ಇವತ್ತಿನದು ಎನ್ನುವವಳೂ ಗಿರಾಕಿಯ ತಲೆ ಸವರಿ ಕ್ಷಮಿಸುವುದಿಲ್ಲ.

ಇದೆಲ್ಲ ಹೇಳಿ ಮುಗಿಸಿದ ಮೇಲೂ ಇವರು ಹೇಳಿದ್ದು ಏನು ಗೊತ್ತೇ? "ಊರಲ್ಲಿ ಹೇಳ್ಬೇಡ. ಮಾವನಿಗೆ ಬೇಜಾರಾಗ್ತದೆ." ನೀವು ಕ್ಷಮಿಸಿದ ಮನುಷ್ಯ ಇವರು. ನಿಮಗೆ ಬರೆಯಲೇ ಎಂದು ಕೇಳಿದೆ. "ಅವರಿಗೊಬ್ಬರಿಗೇ ಆದ್ರೆ ಬರಿ" ಎಂದರು.

ಹಾಗಾಗಿ ಇದನ್ನು ನಾನು ಮಂದಿರದಲ್ಲಿ ಓದುವುದಿಲ್ಲ. ನಾಲ್ಕು ಜನರನ್ನು ಸೇರಿಸಿ ಎಂದೂ ಹೇಳುವುದಿಲ್ಲ, ನಿಮಗೆ ಜನ ಸೇರಿಸುವುದು ಬಹಳ ಸುಲಭ. ಹೊಳೆಯಾಚೆ ಬೆಂಗ್ರೆಗೆ ಫೆರಿ ಹತ್ತಿ ಒಬ್ಬರೇ ಹೋಗಿ. ಕಮಲೇಶನ ಅಮ್ಮನ ಮನೆಯಲ್ಲಿ ಕೈ ಇರುವ ಕುರ್ಚಿ ಇಲ್ಲ, ನೆಲದಲ್ಲಿ ಕೂರಬೇಕಾಗುತ್ತದೆ. ಫೋನಿನಲ್ಲಿ ಹೇಳಿದ್ದನ್ನು ಅವರಿಗೆ ಹೇಳಿ. ಅವರು ಕ್ಷಮಿಸುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಎಂಟು ವರ್ಷದ ಹುಡುಗಿಗೆ ಆದದ್ದು ನಿಮಗೂ ಆಗಬೇಕು.

ಹಿರಿಯರಿಗೆ ಬರೆಯುವಾಗ ಕೊನೆಯಲ್ಲಿ ಆಶೀರ್ವಾದ ಬೇಡುವುದು ನಮ್ಮಲ್ಲಿ ಕ್ರಮ. ಈ ಸಲ ಬೇಡ. ಇವರ ಹೆಗಲ ಮೇಲೆ ಬಿದ್ದ ಕೈ ನನ್ನ ತಲೆಯ ಮೇಲೆ ಬೇಡ. ಹಾರೈಕೆಯನ್ನು ನಾನೇ ಕಳಿಸುತ್ತೇನೆ. ಫೆರಿಯಿಂದಿಳಿದು ಆ ಮನೆಯ ತನಕ ನಡೆಯುವಷ್ಟು ಬಲ ನಿಮ್ಮ ಕಾಲಿಗೆ ಇರಲಿ.

ನಿಮ್ಮ ಅಕ್ಕನ ಮಗಳು,
ಕುಮುದಿನಿ