ಬೋರ್ಡ್ ಬರೆಯೋರು ಬಂದಿದ್ದಾರೆ

ಅಕ್ಕಾ,

ಸುಖವಾಗಿ ತಲುಪಿದೆ, ಆಮೇಲಿನದು ಸುಖವಲ್ಲ. ಗುರುತು ಪರಿಚಯವಿಲ್ಲದ ಊರಿಗೆ ಹೋದರೆ ಕಾದಂಬರಿ ತಾನಾಗಿ ಮುಗಿಯುತ್ತದೆ ಎಂದವಳು ನೀನೇ. ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿ ಏನು ಕೆಲಸ ಎಂದು ಕೇಳಿದಾಗ, "ಬರೀತೀನಿ" ಎಂದೆ. ಅಲ್ಲೇ ಕೆಟ್ಟೆ. ಬೆಳಿಗ್ಗೆ ಕದ ತೆಗೆದರೆ ಎದುರಿನ ಕ್ಷೌರದಂಗಡಿಯವನು ತಗಡಿನ ಹಲಗೆ, ಕೆಂಪು ಬಣ್ಣದ ಡಬ್ಬಿ ಹಿಡಿದು ನಿಂತಿದ್ದಾನೆ!

"ಬೋರ್ಡ್ ಬರೆಯೋರು ಬಂದಿದ್ದಾರೆ ಅಂತ ಅಜ್ಜಿ ಹೇಳಿದ್ರು. ಅಂಗಡಿಗೆ ಅಡ್ಡ ಗಾಡಿ ನಿಲ್ಲಿಸ್ತಾರೆ ಮೇಡಂ, ಒಂದು ಬರೆದುಕೊಡಿ."

ನಾನು ಕಥೆ ಬರೆಯುವವಳಪ್ಪಾ ಎಂದರೆ, "ಅಕ್ಷರ ಅದೇ ಅಲ್ವಾ?" ಎಂದ. ಹಣೆ ಚಚ್ಚಿಕೊಂಡು ಕುಂಚ ಹಿಡಿದೆ. "ದಯವಿಟ್ಟು ಇಲ್ಲಿ ವಾಹನ ನಿಲ್ಲಿಸ" ಎನ್ನುವಷ್ಟರಲ್ಲಿ ಹಲಗೆಯ ಅಗಲ ಮುಗಿಯಿತು. "ಬೇಡಿ" ಒಂಟಿಯಾಗಿ ಕೆಳಗಿನ ಸಾಲಿಗೆ ಇಳಿಯಿತು. ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು ಆ ಸಾಲನ್ನಷ್ಟೇ ಓದಿ, "ಏನನ್ನ ಬೇಡಬೇಕಂತೆ?" ಎಂದರು. ಅಂಗಡಿಯವನು, "ಅಳಿಸಿ ಇನ್ನೊಂದು ಸಲ ಬರೀರಿ ಮೇಡಂ, ಬಣ್ಣ ಬೇಕಾದಷ್ಟಿದೆ" ಎಂದು ಸಮಾಧಾನ ಮಾಡಿದ. ಈಗ ಸೈಕಲ್ ರಿಪೇರಿಯವನೂ ಒಂದು ಹಲಗೆ ತಂದು ಮೆಟ್ಟಿಲ ಮೇಲೆ ಕೂತಿದ್ದಾನೆ.

ಕೆಮ್ಮು ವಾಸಿಯಾಗಿದೆ. ಬೆರಳಿನ ಬಣ್ಣ ಮಾತ್ರ ಸೀಮೆಎಣ್ಣೆಗೂ ಜಗ್ಗುತ್ತಿಲ್ಲ. ಈ ಕಾರ್ಡಿನ ಮೇಲಿರುವ ಕೆಂಪು ಕಲೆಯೂ ಅದೇ, ರಕ್ತವೆಂದು ಗಾಬರಿಯಾಗಬೇಡ. ಕಾದಂಬರಿ ಎಲ್ಲಿಗೆ ಬಂತು ಎಂದು ಭಾವ ಕೇಳಿದರೆ, ಬಣ್ಣ ಇನ್ನೂ ಒಣಗಿಲ್ಲ ಎಂದುಬಿಡು.

ಇಲ್ಲೂ ಜಾಗ ಮುಗಿಯಿತು. ನಿನ್ನ ತಂ
ಗಿ