ನಲವತ್ತು ದಿನ ಸುಳ್ಳು ಹೇಳಿದ ಬೋರ್ಡು

ಮಾನ್ಯ ಹೆದ್ದಾರಿ ನಿರ್ವಹಣಾಧಿಕಾರಿಗಳೇ,

‘ಎಚ್ಚರಿಕೆಯ ಫಲಕಗಳು ಸ್ಥಳದಲ್ಲಿದ್ದವು’ ಎಂದು ನಿಮ್ಮ ರಿಪೋರ್ಟ್ ಹೇಳುತ್ತದೆ. ನಿಜ, ಇದ್ದವು. ಅದೇ ನನ್ನ ದೂರು.

ಬೋರ್ಡು ಇಲ್ಲವೆಂದು ದೂರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಇತ್ತೆಂದು ದೂರುವವಳು ನಾನೊಬ್ಬಳೇ ಇರಬೇಕು, ಸ್ವಲ್ಪ ಸಹಿಸಿಕೊಳ್ಳಿ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಓದಿದವಳು, ಈಗ ಡಿಗ್ರಿ ಮೊದಲ ವರ್ಷ. ಅಧಿಕಾರಿಗಳಿಗೆ ಬರೆದು ಅಭ್ಯಾಸವಿಲ್ಲ. ನಾಲ್ಕು ಸಲ ಹರಿದು ಬರೆದಿದ್ದೇನೆ. ನನ್ನ ಅಪ್ಪ ನಿಮ್ಮ ರಸ್ತೆಯ ರಿಪೇರಿ ಗ್ಯಾಂಗಿನಲ್ಲಿ ಕೆಂಪು ಬಾವುಟ ಹಿಡಿಯುತ್ತಿದ್ದರು. ಕೆಲಸಕ್ಕೆ ಮೊದಲು ಬೋರ್ಡುಗಳನ್ನು ನಿಲ್ಲಿಸುವುದು, ಮುಗಿದ ಮೇಲೆ ಮಲಗಿಸುವುದು ಅವರದೇ ಪಾಲು. “ನಿಲ್ಲಿಸೋದು ಯಾರು ಬೇಕಾದ್ರೂ ಮಾಡ್ತಾರೆ ಕಣಮ್ಮ, ಮಲಗಿಸೋದೇ ಕೆಲಸ. ಯಾರೂ ಇಲ್ಲದ ಕಡೆ ಬೋರ್ಡು ನಿಂತಿದ್ರೆ ಡ್ರೈವರ್‌ಗಳಿಗೆ ನಂಬಿಕೆ ಹೋಗುತ್ತೆ” ಅನ್ನುತ್ತಿದ್ದರು.

ಸೇತುವೆಯ ಹತ್ತಿರದ ತಿರುವಿನಲ್ಲಿ ಡಾಂಬರು ಬರದೆ ಕೆಲಸ ನಿಂತಾಗ ಅವರಿಗೆ ಮಲಗಿಸಲು ಬಿಡಲಿಲ್ಲ. ತಪಾಸಣೆಗೆ ಬರುವ ಸಾಹೇಬರ ಕಣ್ಣಿಗೆ ಬೋರ್ಡು ಬೀಳಬೇಕಲ್ಲ, ಫೋಟೋಗೂ ಬೇಕಲ್ಲ. ಮೇಸ್ತ್ರಿ ಅದರ ಕಾಲಿಗೆ ಕಾಂಕ್ರೀಟು ಸುರಿಸಿದರು. ಅಪ್ಪ ಮೇಲೊಂದು ಗೋಣಿಚೀಲ ಹೊದಿಸಿ ಬಂದರು. ಬೋರ್ಡಿಗೆ ಚಳಿಯಾಗುತ್ತಾ ಎಂದು ಮೇಸ್ತ್ರಿ ಎಲ್ಲರೆದುರು ಹಂಗಿಸಿ, ಮರುದಿನ ಅಪ್ಪನ ಕೈಯಲ್ಲೇ ತೆಗೆಸಿದರಂತೆ. ಫೋನಿನಲ್ಲಿ ಅದನ್ನು ಹೇಳಿ ಅಪ್ಪ ತಾವೂ ನಕ್ಕರು.

‘ಮುಂದೆ ಜನ ಕೆಲಸ ಮಾಡುತ್ತಿದ್ದಾರೆ’ ಎಂದು ಅದು ನಲವತ್ತು ದಿನ ಹೇಳಿತು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ನಲವತ್ತೊಂದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಜನ ಇದ್ದರು. ಅಪ್ಪ ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದರು. ಲಾರಿ ಸ್ಪೀಡ್ ಕಡಿಮೆ ಮಾಡಲಿಲ್ಲ.

ಆ ಲಾರಿಯ ಡ್ರೈವರ್ ಓಡಿಹೋಗಲಿಲ್ಲ. ಅಪ್ಪನನ್ನು ಎತ್ತಿಕೊಂಡು ಆಸ್ಪತ್ರೆಗೆ ತಂದವರೇ ಅವರು. ಅಪ್ಪ ಉಳಿಯಲಿಲ್ಲವೆಂದು ಡಾಕ್ಟರ್ ಹೇಳಿದ ಮೇಲೆ, ಬೈದೇ ತೀರಬೇಕೆಂದು ಕಾರಿಡಾರಿಗೆ ಹೋದೆ. ಬೋರ್ಡ್ ಕಾಣಲಿಲ್ಲವಾ ಎಂದು ಕೇಳಿದೆ.

“ಕಾಣ್ತು ತಾಯಿ. ದಿನಾ ಕಾಣೋದು. ಮೊದಮೊದಲು ಬ್ರೇಕ್ ಹಾಕ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಬೈಯೋರು. ಆಮೇಲೆ ಬಿಟ್ಟುಬಿಟ್ಟೆ.”

ನಾನು ಬೈಯದೆ ಹಿಂತಿರುಗಿದೆ. ಹಾಸ್ಟೆಲಿನಿಂದ ಹೊರಡುವ ನಮ್ಮ ಕಾಲೇಜು ಬಸ್ಸಿನದೂ ಅದೇ ದಾರಿ. ಒಂದು ದಿನ ಡ್ರೈವರಣ್ಣ ಅಲ್ಲಿ ನಿಧಾನ ಮಾಡಿದಾಗ, ಟೆಸ್ಟಿಗೆ ಲೇಟಾಗುತ್ತದೆಂಬ ಭಯದಲ್ಲಿ ನಾನೇ ಎದ್ದು ಹೇಳಿದ್ದೆ: “ಅಲ್ಲಿ ಯಾರೂ ಇರಲ್ಲ, ಹೋಗಿ ಅಣ್ಣ. ನಮ್ಮಪ್ಪನೇ ಹೇಳಿದ್ದಾರೆ.”

‘ಚಾಲಕನ ನಿರ್ಲಕ್ಷ್ಯ’ ಎಂದು ಎರಡೇ ಪದದಲ್ಲಿ ಮುಗಿಸಿದ್ದೀರಲ್ಲ, ಅದರಲ್ಲಿ ನಾನೆಲ್ಲಿದ್ದೇನೆ? ನೀವೆಲ್ಲಿದ್ದೀರಿ? ಆ ಮನುಷ್ಯ ಜೈಲಿಗೆ ಹೋದ ಮೇಲೆ, ನ್ಯಾಯ ಸಿಕ್ಕಿತೆಂದು ನನ್ನಮ್ಮನಿಗೆ ಪತ್ರ ಕಳಿಸುವವರಿದ್ದೀರಾ? ದಯವಿಟ್ಟು ಬೇಡ. ಅಂತಿಮ ರಿಪೋರ್ಟ್ ಸೋಮವಾರ ಹೋಗುತ್ತದೆಂದು ತಿಳಿಯಿತು. ‘ಫಲಕಗಳು ಇದ್ದವು’ ಎಂಬಲ್ಲಿ ‘ಕೆಲಸವಿಲ್ಲದ ನಲವತ್ತು ದಿನವೂ ಇದ್ದವು’ ಎಂದು ಸೇರಿಸಿ. ಯಾರ ಆದೇಶದಿಂದ ಎಂಬುದನ್ನೂ ಬರೆಯಿರಿ. ಈ ಬೇಡಿಕೆಗೆ ಅಮ್ಮನೂ ಸಹಿ ಹಾಕಿದ್ದಾರೆ.

ಹಾಗೆಯೇ ಆ ಬೋರ್ಡನ್ನು ಕೀಳಿಸಿ. ನಿನ್ನೆ ಬಸ್ಸಿನಿಂದ ನೋಡಿದೆ. ಗ್ಯಾಂಗು ಹೊರಟುಹೋಗಿದೆ, ಅದು ನಿಂತೇ ಇದೆ. ಒಂದು ಗಾಡಿಯೂ ನಿಧಾನ ಮಾಡಲಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ‘ಮೃತರ ಅವಲಂಬಿತೆ, ಎರಡನೆಯವಳು’ ಎಂದಷ್ಟೇ ಇರುವ ಮಗಳು