ನಾನೂರು ಮೀಟರ್

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ನೀನು ಕ್ಷೇಮವಾಗಿರುವೆ ಎಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕಣ್ಣಿನ ನೆಪ ಹೇಳಬಹುದಿತ್ತು. ಆದರೆ ಹೊಸ ಕನ್ನಡಕ ಬಂದ ಸುದ್ದಿಯನ್ನು ನಿನ್ನ ಅಮ್ಮ ಆಗಲೇ ಫೋನಿನಲ್ಲಿ ಹೇಳಿರುತ್ತಾಳೆ. ಮೂರು ಸಲ ಬರೆಯಲು ಕೂತು ಎದ್ದಿದ್ದೇನೆ.

ಅಮ್ಮ ಹೊಸ ಬೀರು ತರಿಸಿದಳು. ಅಳತೆ ಕೊಟ್ಟವನು ನಾನು. ಅದು ಕೋಣೆಯ ಬಾಗಿಲಲ್ಲಿ ಹಿಡಿಸದೆ ನಡುಮನೆಯಲ್ಲೇ ನಿಂತಿದೆ. "ಮೂವತ್ತು ವರ್ಷ ಊರೆಲ್ಲ ಅಳೆದ ಸರ್ವೆಯರ್‌ಗೆ ಸ್ವಂತ ಮನೆ ಬಾಗಿಲು ಅಳೆಯೋಕೆ ಬರಲಿಲ್ಲ ನೋಡಿ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ನಾನೂ ನಗುತ್ತೇನೆ.

ಹೋದ ತಿಂಗಳು ಕ್ರೀಡಾ ಸಂಘದವರು ನಮ್ಮೂರಿನ ಮ್ಯಾರಥಾನ್ ದಾರಿಯನ್ನು ಮತ್ತೆ ಅಳೆದರು. ಅದು ನಾನೂರು ಮೀಟರ್ ಕಡಿಮೆ ಇದೆಯಂತೆ. ಕಾರ್ಯದರ್ಶಿ ಮನೆಗೇ ಬಂದಿದ್ದರು. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಮಗಳು ನಾಲ್ಕು ಸಲ ಚಾಂಪಿಯನ್ ಆಗಿದ್ದು ಹಾಗೇ ಇರುತ್ತೆ. ದಾಖಲೆ ಮಾತ್ರ ತೆಗೀತೀವಿ" ಎಂದರು. ನಿನ್ನ ಇಪ್ಪತ್ತಮೂರನೆಯ ವಯಸ್ಸಿನ ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ ಹತ್ತು ಸೆಕೆಂಡು ಇನ್ನು ಪುಸ್ತಕದಲ್ಲಿರುವುದಿಲ್ಲ. ಪತ್ರಿಕೆಯಲ್ಲಿ ಓದುವ ಮೊದಲು ನನ್ನಿಂದಲೇ ತಿಳಿಯಲಿ. ಆ ದಾರಿ ಅಳೆದವನು ನಾನೇ ತಾನೆ.

ಆ ಓಟಕ್ಕೆ ಒಂದು ವಾರ ಮೊದಲು, ನಸುಕಿನಲ್ಲಿ, ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಯಂತ್ರ ಕಟ್ಟಿಕೊಂಡು ದಾರಿ ಅಳೆಯಲು ನಾನು ಹೊರಟಿದ್ದೆ. "ಬೇಗ ತುಳಿ ಅಪ್ಪ, ನಂಗೆ ನಿದ್ದೆ ಬರ್ತಿದೆ" ಎನ್ನುತ್ತ ನೀನು ಹಿಂದೆ ಓಡಿ ಬಂದಿದ್ದೆ.

ದಾಖಲೆಯಾದ ಮೇಲೆ ಏಳು ವರ್ಷ ಆ ಅಂಕಿ ಬಚ್ಚಲ ಕನ್ನಡಿಯ ಮೇಲೆ ಅಂಟಿಕೊಂಡಿತ್ತು. ಹಿಮ್ಮಡಿ ಊದಿಕೊಂಡಾಗ ಡಾಕ್ಟರು, "ಒಂದು ವರ್ಷ ಓಡಬೇಡಮ್ಮ" ಎಂದರು. ನೀನು ನನ್ನ ಮುಖ ನೋಡಿದೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನೀನು ಮತ್ತೆ ಓಡಿದೆ. ಮೂವತ್ತರಲ್ಲಿ, ಬೇರೆ ಊರಿನ ಓಟ ಗೆದ್ದೂ ಮೆಟ್ಟಿಲ ಮೇಲೆ ಕೂತು ಅತ್ತೆ. "ಮೂವತ್ತೆಂಟು ಸೆಕೆಂಡು ಜಾಸ್ತಿ ಅಪ್ಪ. ಮುದುಕಿ ಆದೆ. ಸಾಕು" ಎಂದೆ. ಅದೇ ಕೊನೆಯ ಓಟವಾಯಿತು.

ಶಾಲೆಯ ಮಕ್ಕಳಿಗೆ ಓಟ ಕಲಿಸುವಾಗ ಹೆಚ್ಚು ಹೊತ್ತು ನಿಲ್ಲಬೇಡ. ಆಪರೇಷನ್ ಆದ ಕಾಲು. ನನಗೂ ದಣಿವಾಗಿದೆ ಪುಟ್ಟಿ, ವಯಸ್ಸಿನದಲ್ಲ. ನಿನಗೆ ಒಳ್ಳೆಯದಾಗಲಿ, ನೋವಿಲ್ಲದ ನಿದ್ದೆ ಬರಲಿ.

ನಿನ್ನ
ಅಪ್ಪ

ತಾ.ಕ.: ಇದು ಬರೆಯಲು ಮರೆತ ಮಾತಲ್ಲ. ನೀನು ದಾಖಲೆ ಮಾಡಿದ ಮೂರನೆಯ ದಿನ ಸೈಕಲ್ಲಿನ ಮುಂದಿನ ಚಕ್ರ ಪೂರ್ತಿ ಕೂತುಬಿಟ್ಟಿತು. ಪಂಕ್ಚರ್ ಹಾಕುವವನು ಸಣ್ಣ ಮೊಳೆಯೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. "ತುಕ್ಕು ನೋಡಿ ಸಾರ್, ಇದು ತಿಂಗಳಿಂದ ಒಳಗಿದೆ. ಗಾಳಿ ಸ್ವಲ್ಪಸ್ವಲ್ಪವೇ ಹೋಗ್ತಾ ಇತ್ತು" ಎಂದ. ಗಾಳಿ ಇಳಿದ ಚಕ್ರ ಚಿಕ್ಕದಾಗುತ್ತದೆ. ಸುತ್ತಿನ ಲೆಕ್ಕ ಬೇಗ ಮುಗಿಯುತ್ತದೆ, ದಾರಿ ಕಡಿಮೆಯಾಗುತ್ತದೆ. ಮರುದಿನ ಯಾರಿಗೂ ಹೇಳದೆ ಮತ್ತೆ ಅಳೆದೆ. ನಾನೂರು ಮೀಟರ್. ಮನೆಗೆ ಬಂದರೆ ಅಮ್ಮ ನಿನ್ನ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದಳು. ನಾಳೆ ಹೇಳೋಣ ಎಂದುಕೊಂಡೆ.

ನಿನ್ನ ವೇಗಕ್ಕೆ ನಾನೂರು ಮೀಟರ್ ಎಂದರೆ ಎಂಬತ್ತೈದು ಸೆಕೆಂಡು. ಮೂವತ್ತೆಂಟು ಸೆಕೆಂಡಿಗಾಗಿ ಮೆಟ್ಟಿಲ ಮೇಲೆ ಕೂತು ಅತ್ತ ದಿನ ನೀನು, ಪೂರ್ತಿ ಅಳತೆಯ ದಾರಿಯಲ್ಲಿ, ನಿನ್ನ ಬದುಕಿನ ಅತಿ ವೇಗದ ಓಟ ಓಡಿ ಬಂದಿದ್ದೆ. ಪಕ್ಕದಲ್ಲಿ ಕೂತು ನಾನು ನಿನ್ನ ಬೂಟಿನ ಲೇಸು ಬಿಚ್ಚುತ್ತಿದ್ದೆ.